ಮಣ್ಣಿನ ಉಬ್ಬು ದಾಸವಾಳ ಬಿರುಕು ಬಿಡದಿರಲು

ಜೇಡಿಮಣ್ಣಿನಲ್ಲಿ ಹೂವು ಕೆತ್ತುವವರಿಗೆ ಒಂದು ಸಲಹೆ. ಮಣ್ಣು ಹಸಿ ಇರುವಾಗಲೇ ಚಾಕು ಹಾಕಬೇಡಿ, ಅಂಚು ಹರಿಯುತ್ತದೆ. ಸುಮಾರು 1.5 ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ ಒಂದು ದಿನ ಬಿಡಿ. ಮುಟ್ಟಿದರೆ ಅಂಟಬಾರದು, ಉಗುರು ಒತ್ತಿದರೆ ಗುರುತು ಬೀಳಬೇಕು. ಆಗ ಎಸಳಿನ ಸುತ್ತಲಿನ ಮಣ್ಣು ಕೆತ್ತಿ ತೆಗೆಯಿರಿ, ಹೂವು ತಾನೇ ಎದ್ದು ಕಾಣುತ್ತದೆ. ದಾಸವಾಳಕ್ಕೆ ಐದೇ ಎಸಳು, ಸುಲಭ ಅಲ್ವಾ? ನಡುವಿನ ದಂಟನ್ನು ಮಾತ್ರ ಬೇರೆ ಮಾಡಿ ಅಂಟಿಸಬೇಕು. ಎರಡೂ ಕಡೆ ಗೀರಿ, ಗಂಜಿಯ ಹದಕ್ಕೆ ಕಲಸಿದ ಮಣ್ಣು ಹಚ್ಚಿ. ನಾನು ಸುಮ್ನೆ ನೀರು ಹಚ್ಚಿದ್ದೆ, ಒಣಗಿದ ಮೇಲೆ ಉದುರಿಹೋಯಿತು! ಬಿಸಿಲಿಗೆ ಇಡಬೇಡಿ. ಪೇಪರ್ ಮುಚ್ಚಿ ನೆರಳಲ್ಲಿ ಒಂದು ವಾರ ಒಣಗಿಸಿ, ಆಮೇಲೆ ಸುಡಿಸಿ. ಬಣ್ಣಕ್ಕೆ ಅಕ್ರಿಲಿಕ್ ಸಾಕು. ನನಗಂತೂ ಮಲೆನಾಡಿನ ಗೋಡೆ ಚಿತ್ರಕಲೆ ಹಸೆ ಚಿತ್ತಾರದ ಹಾಗೆ ಕೆಂಪು ಮಣ್ಣಿನ ಮೇಲೆ ಬಿಳಿ ಗೆರೆಯೇ ಇಷ್ಟ.