ಮೋಟಾರಿಲ್ಲದ ಡಾಬ್‌ನಲ್ಲಿ ಪ್ಲೇಟೋದ ಮರಿಕುಳಿಗಳು

ಚಂದ್ರನ ಮೇಲಿನ ಪ್ಲೇಟೋ ಕುಳಿಯ ನೆಲದಲ್ಲಿರುವ ಮರಿಕುಳಿಗಳು ನನ್ನ ಡಾಬ್‌ಗೆ (ಕೈಯಿಂದಲೇ ತಿರುಗಿಸುವ ಕನ್ನಡಿ ದೂರದರ್ಶಕ) ಕಟ್ಟಿದ ಕ್ಯಾಮೆರಾದಲ್ಲಿ ಕೊನೆಗೂ ಸಿಕ್ಕವು. ನಾಲ್ಕು ಮರಿಕುಳಿ ಖಚಿತ. ಐದನೆಯದು ಇದೆ ಅಂತ ನಾನು, ಇಲ್ಲ ಅಂತ ಗೆಳೆಯರು. ‘ಎಂಟಿಂಚಿನ ಡಾಬ್, ಮೋಟಾರಿಲ್ಲ, ಅದೂ ಕಲಬುರಗಿ ಮಾಳಿಗಿ ಮ್ಯಾಲ! ಸುಮ್ನೆ ರೊಕ್ಕ ಕಳೀಬ್ಯಾಡ್ರಿ’ ಅಂದವರೂ ಇವರೇ.

ಎರಡು ವರ್ಷ ಅವರ ಮಾತೇ ನಿಜವಾಗಿತ್ತು. ಎಲ್ಲರ ಹಾಗೆ ನಾನೂ ಶುಕ್ಲಪಕ್ಷದ ಸಂಜೆ ಹಿಡಿಯಲು ಹೋದೆ. ಚಿತ್ರ ಕುದಿಯುವ ಸಾರಿನಂತೆ ಅಲುಗುತ್ತಿತ್ತು. ನಮ್ಮ ಮಾಳಿಗೆಗೆ ಹಾಸಿದ್ದು ಶಹಾಬಾದ್ ಪರಸಿ. ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಅಂಗಾಲು ಸುಡುತ್ತದೆ, ಆ ಬಿಸಿಗಾಳಿಗೇ ಚಿತ್ರ ಅಲುಗುವುದು. ಹಸಿ ಗೋಣಿತಟ್ಟು ಹಾಸಿದೆ, ಡಾಬ್‌ನ ಕನ್ನಡಿ ತಣಿಯಲು ಅದರ ಹಿಂದೆ ಕಂಪ್ಯೂಟರ್ ಫ್ಯಾನ್ ಕಟ್ಟಿದೆ. ಫ್ಯಾನ್ ಕೆಲಸಕ್ಕೆ ಬಂತು. ತಟ್ಟಿನಿಂದ ಬಂದದ್ದು ಮನೆಯವರ ಬೈಗುಳ ಮಾತ್ರ. ಅಗ್ಗದ ಕ್ಯಾಮೆರಾಕ್ಕೆ ನಾಲ್ಕು ಸಾವಿರ ನೀರಿಗೆ ಹೋಯಿತು. ಆಮೇಲೆ ಸರಿಯಾದದ್ದಕ್ಕೆ ಹನ್ನೆರಡೋ ಹದಿಮೂರೋ ಸಾವಿರ.

ಸಂಜೆ ಬೇಡ, ನಸುಕು ಸಾಕು ಅಂತ ಹೊಳೆದದ್ದು ತಡವಾಗಿ. ಬಹುಳ ಅಷ್ಟಮಿಗೆ ಪ್ಲೇಟೋದಲ್ಲಿ ಹೊತ್ತು ಮುಳುಗಲು ಬಂದಿರುತ್ತದೆ, ನೆರಳು ಉದ್ದ. ಇಲ್ಲಿ ಪರಸಿ ತಣ್ಣಗಿರುತ್ತದೆ. ಅಕ್ಟೋಬರ್‌ನಲ್ಲಂತೂ ಆ ಚಂದ್ರ ಹೆಚ್ಚುಕಡಿಮೆ ನೆತ್ತಿಯ ಮೇಲೆ. ನೆಟ್ಟಗೆ ಮೇಲಕ್ಕೆ ನಿಂತ ಡಾಬ್ ತಿರುಗಿಸುವುದು ಬಲು ಪಾಡು! ಅದಕ್ಕೆ ನಾಲ್ಕಕ್ಕೇ ಶುರು ಮಾಡಿ, ಚಂದ್ರ ನೆತ್ತಿಗೆ ಬರುವ ಮೊದಲೇ ಮುಗಿಸಿದೆ. ಪ್ಲೇಟೋವನ್ನು ಚೌಕಟ್ಟಿನ ಅಂಚಿಗೆ ತಂದು ಕೈ ಬಿಟ್ಟೆ. ಅದು ತಾನಾಗಿ ಈ ಕಡೆಯಿಂದ ಆ ಕಡೆಗೆ ದಾಟಲು ಇಪ್ಪತ್ತೈದು ಸೆಕೆಂಡ್. ಮತ್ತೆ ತಳ್ಳು, ಮತ್ತೆ ಬಿಡು. ಸುಮಾರು ನಲವತ್ತು ಸಲ. ವಿಡಿಯೋದಲ್ಲಿ ಚೆನ್ನಾಗಿ ಬಂದ, ನೂರಕ್ಕೆ ಹತ್ತು ಫ್ರೇಮ್ ಮಾತ್ರ ಇಟ್ಟುಕೊಂಡೆ. ತಳ್ಳಿದ ನಡುಕ ಬೇಗ ನಿಲ್ಲಲು ಡಾಬ್‌ನ ಕಾಲಿನ ಕೆಳಗೆ ಏನಿಟ್ಟೆ ಅನ್ನುವುದು ಸದ್ಯಕ್ಕೆ ನನ್ನ ಗುಟ್ಟು.

ಪ್ಲೇಟೋ ಸುಮಾರು 100 ಕಿ.ಮೀ. ಅಗಲ. ಮರಿಕುಳಿಗಳಲ್ಲಿ ದೊಡ್ಡದೇ 3 ಕಿ.ಮೀ. ಪ್ಲೇಟೋದ ಒಳಗೆ ಹೂಳಿನಂತೆ ಲಾವಾ ತುಂಬಿ ನೆಲ ಸಪಾಟಾಗಿದೆ. ಹದಿನೇಳನೇ ಶತಮಾನದ ಖಗೋಳಜ್ಞ ಹೆವೆಲಿಯಸ್ ಅದನ್ನು ದೊಡ್ಡ ಕರಿ ಕೆರೆ ಅಂದಿದ್ದ. ನನಗಂತೂ ನಮ್ಮೂರಿನ ಅಪ್ಪನ ಕೆರೆಯ ದಂಡೆಯೇ ನೆನಪಾಯಿತು. ಪಡುವಣ ದಂಡೆಯಿಂದ ಜಾರಿದ ತ್ರಿಕೋನದ ತುಂಡು, ತೆಂಕಣ ಬಯಲಲ್ಲಿ ಒಂಟಿಯಾಗಿ ನಿಂತ ಪೀಕೋ ಗುಡ್ಡ, ಎರಡೂ ಚೆನ್ನಾಗಿ ಬಂದಿವೆ. ಪೀಕೋದ ನೆರಳು ಅಳೆದು ಎತ್ತರ ಲೆಕ್ಕ ಹಾಕಿದೆ. 3 ಕಿ.ಮೀ. ಬಂತು, ಇರುವುದು 2.4ರ ಆಸುಪಾಸು. ಮರ್ಯಾದೆಗೆ ಕೆಟ್ಟದ್ದಲ್ಲ, ಅಲ್ವಾ?

ಪ್ಲೇಟೋದ ಪಕ್ಕದಲ್ಲಿ, ಚಂದ್ರನ ಮೇಲೇ ಇರುವ ಆಲ್ಪ್ಸ್ ಕಣಿವೆಯ ನಡುವಿನ ಸಣ್ಣ ಕಾಲುವೆ ಮಾತ್ರ ಸಿಗಲಿಲ್ಲ. ಅಷ್ಟಮಿಗೆ ಅಲ್ಲಿ ಆಗಲೇ ಕತ್ತಲು ಕವಿಯುತ್ತಿತ್ತು. ಮುಂದಿನ ತಿಂಗಳು ಸಪ್ತಮಿಗೇ ಅಲಾರಾಂ ಇಟ್ಟಿದ್ದೇನೆ.