ಅಜ್ಜನ ಸಮಾಧಿ ಹುಡುಕುವುದು ಹೇಗೆ? ಮೊದಲು ಪುಸ್ತಕ, ಆಮೇಲೆ ಕಲ್ಲು

ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯವರು ಮುತ್ತಜ್ಜನ ಸಮಾಧಿ ಹುಡುಕಬೇಕು ಅಂದುಕೊಂಡರೆ ಸೀದಾ ಇಗರ್ಜಿಯ (ಚರ್ಚಿನ) ಸ್ಮಶಾನಕ್ಕೆ ಹೋಗುತ್ತಾರೆ. ನಾನೂ ಹಾಗೇ ಮಾಡಿದೆ. ಎರಡು ದಿನ ಬಿಸಿಲಲ್ಲಿ ತಿರುಗಿದರೂ ಏನೂ ಸಿಗಲಿಲ್ಲ. ಹೆಸರು ಇದ್ದದ್ದು ಇಗರ್ಜಿ ಕಚೇರಿಯ ಕಪಾಟಿನಲ್ಲಿ, ತೀರಿಕೊಂಡವರನ್ನು ದಾಖಲಿಸುವ ಪುಸ್ತಕದಲ್ಲಿ.

ಹಾಗಾಗಿ ಮನೆಯಿಂದ ಶುರು ಮಾಡಿ. ಅವರು ತೀರಿಕೊಂಡ ವರ್ಷ ಅಂದಾಜಿಗಾದರೂ ಬೇಕು. "ದೊಡ್ಡಮ್ಮ ಹುಟ್ಟುವ ಮೊದಲೋ, ಆಮೇಲೋ?" ಅಂತ ಕೇಳಿದರೆ ಹಿರಿಯರಿಗೆ ಬೇಗ ನೆನಪಾಗುತ್ತದೆ. ಆ ಕಾಲದಲ್ಲಿ ಮನೆ ಯಾವ ಇಗರ್ಜಿಗೆ ಸೇರಿತ್ತು ಅನ್ನುವುದನ್ನೂ ವಿಚಾರಿಸಿ. ಈಗಿನ ಇಗರ್ಜಿ ಆಮೇಲೆ ಕಟ್ಟಿದ್ದಾದರೆ, ಹಳೆಯ ದಾಖಲೆ ಅದರ ತಾಯಿ ಇಗರ್ಜಿಯಲ್ಲಿ, ಅಂದರೆ ಅದು ಯಾವುದರಿಂದ ಬೇರೆಯಾಯಿತೋ ಆ ಇಗರ್ಜಿಯಲ್ಲಿರುತ್ತದೆ. 1784ರಲ್ಲಿ ಟಿಪ್ಪು ಕಾಲದಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು, ಇಗರ್ಜಿಗಳನ್ನು ಕೆಡವಿದರು. ಅದಕ್ಕೂ ಹಿಂದಿನ ಪುಸ್ತಕ ಸಿಗುವುದು ಬಲು ಅಪರೂಪ.

ಆಮೇಲೆ ವಿಗಾರರಿಗೆ, ಅಂದರೆ ಆ ಇಗರ್ಜಿಯ ಮುಖ್ಯ ಪಾದ್ರಿಗೆ, ಪತ್ರ ಬರೆಯಿರಿ. ನಿಮಗೂ ತೀರಿಕೊಂಡವರಿಗೂ ಏನು ಸಂಬಂಧ, ಯಾವ ವರ್ಷದಿಂದ ಯಾವ ವರ್ಷದವರೆಗೆ ನೋಡಬೇಕು ಅಂತ ತಿಳಿಸಿ. ಭಾನುವಾರ ಪೂಜೆ ಮುಗಿದ ಕೂಡಲೇ ಹೋಗಿ ಕೇಳಬೇಡಿ, ಆಗ ಅವರಿಗೆ ಪುರುಸೊತ್ತು ಇರುವುದಿಲ್ಲ.

ಪುಸ್ತಕ ತೆರೆದಾಗ ಜಾಸ್ತಿ ಜನ ಸೋಲುವುದು ಹೆಸರಿನಲ್ಲಿ. ಹಳೆಯ ಪುಟಗಳು ಲ್ಯಾಟಿನ್‌ನಲ್ಲಿ ಇರಬಹುದು. ಮನೆಯಲ್ಲಿ ಜುವಾಂವ್ ಆಗಿದ್ದವರು ಅಲ್ಲಿ ಜೊಆನ್ನೆಸ್, ಪೆದ್ರು ಅಲ್ಲಿ ಪೆತ್ರುಸ್. 'ಒಬಿಇತ್' ಅಂದರೆ ತೀರಿಕೊಂಡರು, 'ಸೆಪುಲ್ತುಸ್' ಅಂದರೆ ಹೂಳಲಾಯಿತು. ಹೆಂಗಸಾದರೆ 'ಸೆಪುಲ್ತಾ'. ತೀರಿಕೊಂಡ ತಾರೀಖು, ಹೂಳಿದ ತಾರೀಖು ಬೇರೆ ಬೇರೆ ಇರಬಹುದು, ಎರಡನ್ನೂ ಬರೆದುಕೊಳ್ಳಿ. ಅಜ್ಜಿಯ ಹೆಸರು ಸಿಗದಿದ್ದರೆ ಅಜ್ಜನ ಹೆಸರು ಹುಡುಕಿ. 'ಉಕ್ಸೊರ್' ಅಂದರೆ ಹೆಂಡತಿ, 'ವಿದುವಾ' ಅಂದರೆ ವಿಧವೆ. ಎಷ್ಟೋ ಹೆಂಗಸರು ಗಂಡನ ಹೆಸರಿನ ಪಕ್ಕದಲ್ಲೇ ಉಳಿದಿದ್ದಾರೆ. ವಯಸ್ಸನ್ನು ಮಾತ್ರ ಜಾಸ್ತಿ ನಂಬಬೇಡಿ. 60, 70 ಅಂತ ದುಂಡಗಿನ ಸಂಖ್ಯೆ ಕಂಡರೆ ಅದು ಅಂದಾಜು ಇರಬಹುದು. ಪುಸ್ತಕದ ಸಂಖ್ಯೆ, ಪುಟ, ಸಾಲು ಗುರುತು ಹಾಕಿಕೊಳ್ಳಿ. ಕೇಳದೆ ಫೋಟೊ ತೆಗೆಯಬೇಡಿ.

ಇಸವಿ ಕೈಗೆ ಸಿಕ್ಕ ಮೇಲೆ ಸ್ಮಶಾನಕ್ಕೆ ಹೋಗಿ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ. ನಡು ಮಧ್ಯಾಹ್ನ ಬರೀ ಬೋಳು ಕಲ್ಲಾಗಿ ಕಂಡದ್ದರ ಮೇಲೆ ಸಂಜೆ ಐದಕ್ಕೆ ಅಕ್ಷರದ ಗುಳಿಗಳಲ್ಲಿ ನೆರಳು ತುಂಬಿಕೊಂಡು ಹೆಸರು ಎದ್ದು ಬಂದದ್ದನ್ನು ನಾನೇ ನೋಡಿದ್ದೇನೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೂ ಆಗುತ್ತದೆ. ಪಾಚಿ ಇದ್ದರೆ ನೀರು, ಮೆತ್ತಗಿನ ಬ್ರಶ್ ಸಾಕು. ಆಸಿಡ್, ತಂತಿ ಬ್ರಶ್ ದಯವಿಟ್ಟು ಬೇಡ. ಅಕ್ಷರ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ, ಅಲ್ವಾ? ಅಕ್ಕಪಕ್ಕದ ಕಲ್ಲುಗಳನ್ನೂ ಓದಿ. ಸಂಬಂಧಿಕರು ಹತ್ತಿರದಲ್ಲೇ ಇರುವುದುಂಟು.

ಕಲ್ಲೇ ಇಲ್ಲದಿದ್ದರೆ? ಹಲವು ಕಡೆ ಜಾಗ ಸಾಲದೆ ಕೆಲವು ವರ್ಷಗಳ ಮೇಲೆ ಅದೇ ಗುಂಡಿಯಲ್ಲಿ ಇನ್ನೊಬ್ಬರನ್ನು ಹೂಳುತ್ತಾರೆ. ಕುಟುಂಬದ ಹೆಸರಲ್ಲಿ ಜಾಗ ಕೊಂಡವರಿಗೆ ಮಾತ್ರ ಕಾಯಂ ಕಲ್ಲು. ನಮ್ಮ ಮುತ್ತಜ್ಜನಿಗೂ ಕಲ್ಲಿಲ್ಲ. ಪುಸ್ತಕದಲ್ಲಿ ಒಂದೂವರೆ ಸಾಲು ಇದೆ. ನವೆಂಬರ್ 2ರಂದು, ಸತ್ತವರ ದಿನ, ಊರಿನವರೆಲ್ಲ ಸಮಾಧಿ ತೊಳೆದು ಹೂವು, ಮೇಣದಬತ್ತಿ ಇಡುವಾಗ ನಾವು ಸ್ಮಶಾನದ ಶಿಲುಬೆಯ ಬುಡದಲ್ಲಿ ಅವರ ಹೆಸರಿಗೆ ಒಂದು ಬತ್ತಿ ಹಚ್ಚುತ್ತೇವೆ.