ವ್ಹೀಲಿ ಕಲಿಯುವವರು ಮೊದಲು ಹಿಂದಿನ ಬ್ರೇಕ್ ಕಲಿಯಿರಿ

ಶಿವಮೊಗ್ಗದ ಬೈಪಾಸ್, ಸಾಗರ ರಸ್ತೆಯಲ್ಲಿ ವ್ಹೀಲಿ (ಬೈಕಿನ ಮುಂಚಕ್ರ ಎತ್ತಿ ಹಿಂದಿನ ಚಕ್ರದ ಮೇಲೆ ಓಡಿಸುವುದು) ಬೇಡವೇ ಬೇಡ, ಎದುರು ಬರುವವರ ಜೀವದ ಪ್ರಶ್ನೆ. ಅನುಮತಿ ಇರುವ ಖಾಸಗಿ ಜಾಗ, ಜೊತೆಗೆ ಅನುಭವಿ ತರಬೇತುದಾರರು ಇರಲೇಬೇಕು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಕಾಂಕ್ರೀಟಿನ ಮೇಲೆ ಹಿಂದಿನ ಚಕ್ರಕ್ಕೆ ಹಿಡಿತ ಸಿಗಲ್ಲ, ನೆಲ ಒಣಗಲಿ.

ಮೊದಲ ಪಾಠ ಎತ್ತುವುದಲ್ಲ, ಇಳಿಸುವುದು. ಬಲಪಾದ ಸದಾ ಬ್ರೇಕ್ ಪೆಡಲ್ ಮೇಲಿರಲಿ. ಫಸ್ಟ್ ಗೇರಿನಲ್ಲಿ ನಿಧಾನ ಹೋಗುತ್ತಾ ಕ್ಲಚ್ ಅರ್ಧ ಎಳೆದು, ಆಕ್ಸಿಲರೇಟರ್ ಸ್ವಲ್ಪ ಏರಿಸಿ, ಕ್ಲಚ್ ಬಿಡಿ. ಮುಂಚಕ್ರ ಗೇಣುದ್ದ ಎದ್ದ ಕೂಡಲೇ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ, ತಾನೇ ಇಳಿಯುತ್ತೆ. ಇದು ಕಾಲಿಗೆ ರೂಢಿಯಾಗುವವರೆಗೂ ಎತ್ತರ ಹೆಚ್ಚಿಸಬೇಡಿ. ಹಿಂದಕ್ಕೆ ವಾಲಿದಾಗ ಹೆದರಿ ಹ್ಯಾಂಡಲ್‌ಗೆ ಜೋತುಬಿದ್ದರೆ ಆಕ್ಸಿಲರೇಟರ್ ಇನ್ನಷ್ಟು ತಿರುಗುತ್ತೆ. ಹೆಚ್ಚಿನವರು ಮಗುಚುವುದು ಹೀಗೇ. ಮುಂಚಕ್ರ ನೆಲ ಮುಟ್ಟುವಾಗ ಹ್ಯಾಂಡಲ್ ನೇರವಿರಲಿ. ಫುಲ್‌ಫೇಸ್ ಹೆಲ್ಮೆಟ್, ಬೆನ್ನುಗಾಪು, ಬೂಟು ಇಲ್ಲದೆ ಗಾಡಿ ಹತ್ತಬೇಡಿ.